ಹೆಡ್‌ಫೋನಿನ ಹೆಂಗಸು

ನಗಬೇಡ್ವೋ! ಅಕ್ಕ ಅನ್ನೋಳು ಹೆದರಬಾರದು ಅಂತ ಕಾನೂನಿದೆಯಾ? ಬಳೆ, ಓಲೆ, ಹೇರ್‌ಪಿನ್ನು ಎಲ್ಲ ಬಿಚ್ಚಿಸಿ ಆ ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಿದ್ರು. ಮುಖದ ಮೇಲೆ ಪಂಜರದ ಥರ ಏನೋ ಬೇರೆ... ಅಲ್ಲಾಡಬೇಡಿ ಅಂದ್ರು. ಅಂದ ಕೂಡಲೇ ಮೂಗು ತುರಿಸೋಕೆ ಶುರು! ಆಮೇಲೆ ಸದ್ದು. ಅಬ್ಬಬ್ಬಾ! ನಮ್ಮ ಗಾರ್ಮೆಂಟ್ಸಿನ ಹೊಲಿಗೆ ಮಷೀನೆಲ್ಲ ಒಟ್ಟಿಗೆ ತಲೆ ಮೇಲೆ ಓಡಿದ ಹಾಗೆ. ನೀನು ಬೆಳಿಗ್ಗೆ ಒಳಗೆ ಹೋಗಿ ಬಂದವನು, ಒಂದು ಮಾತು ಹೇಳಬಾರದಾ? ಕಳ್ಳ!

ಬಾ, ಈ ಬೆಂಚಿನ ಮೇಲೆ ಕೂತ್ಕೋ. ಡಾಕ್ಟರಮ್ಮ ಕರೆಯೋವರೆಗೆ ಕಾಯ್ಬೇಕಂತೆ.

ಏನು? ನಾನ್ಯಾಕೆ ಒಪ್ಕೊಂಡೆ ಅಂತಾನಾ? ನಿನಗೋಸ್ಕರ ಕಣೋ, ಇನ್ಯಾರಿಗೋಸ್ಕರ! ಡಾಕ್ಟರಮ್ಮ ಅಂದ್ರಲ್ಲ, ಒಂದೇ ಹೊಟ್ಟೇಲಿ ಹುಟ್ಟಿದವರು, ಒಬ್ಬರಿಗೆ ಇಲ್ಲದ ದನಿ ಕೇಳುತ್ತೆ, ಇನ್ನೊಬ್ಬರಿಗೆ ಕೇಳಲ್ಲ. ಇಬ್ಬರ ಮಿದುಳಿನ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದ್ರೆ ಏನಾದ್ರೂ ಗೊತ್ತಾದೀತು ಅಂತ. ತಗೊಳ್ಳಿ, ನಂದು ಗಟ್ಟಿ ತಲೆ ಅಂದೆ.

ಕಾಲೇಜು ಬಿಟ್ಟು ಮನೆಗೆ ಬಂದುಬಿಟ್ಟೆಯಲ್ಲ, ನೆನಪಿದೆಯಾ? ಗೋಡೆಗೆ ಕಿವಿ ಕೊಟ್ಟು ಕೂತಿರ್ತಿದ್ದೆ. ಸೋಮಾರಿ, ನಾಟಕ ಆಡ್ತಾನೆ ಅಂತ ಅಪ್ಪ ಬೈದ್ರು. ಅಮ್ಮನಿಗೆ ಅಳೋದೊಂದೇ ಗೊತ್ತಿತ್ತು. ನಾನು ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಕರ್ಕೊಂಡು ಬಂದೆ. ಈಗ ನೋಡು, ಪ್ರೆಸ್ಸಿನಲ್ಲಿ ಕೆಲಸ ಮಾಡ್ತೀಯ, ಮಾತ್ರೆ ತಪ್ಪಿಸಲ್ಲ, ದನಿಯೂ ದೂರ ಹೋಗಿದೆ. ...ಅಳ್ತಿಲ್ಲ! ಈ ದೀಪದ ಬೆಳಕು ಕಣ್ಣಿಗೆ ಚುಚ್ಚುತ್ತೆ, ಅಷ್ಟೇ.

ಕೇಳು, ಒಂದು ತಮಾಷೆ ಹೇಳ್ತೀನಿ. ಒಳಗೆ ಕೈಗೊಂದು ಬಟನ್ ಕೊಟ್ರು. ಹೆಡ್‌ಫೋನಿನಲ್ಲಿ ಯಾರಾದ್ರೂ ಮಾತಾಡಿದ್ರೆ ಒತ್ತಿ ಅಂದ್ರು. ಒತ್ತಿದೆ. ಒಬ್ಬ ಹೆಂಗಸು, ಸ್ಪಷ್ಟವಾಗಿ ಕೇಳಿಸ್ತಿದ್ದಳು. ಹೊರಗೆ ಬಂದ ಮೇಲೆ ಸ್ಕ್ಯಾನ್ ಮಾಡೋ ಆ ಕನ್ನಡಕದವನು ಕೇಳ್ತಾನೆ, "ಕೊನೇ ಭಾಗದಲ್ಲಿ ಯಾಕೆ ಮೇಡಂ ಅಷ್ಟೊಂದು ಸಲ ಒತ್ತಿದ್ರಿ? ಆಗ ನಾವು ಏನೂ ಹಾಕಿರಲಿಲ್ಲ." ನಾನು ನಕ್ಕುಬಿಟ್ಟೆ. ಕೈ ಜಾರಿತು ಅಂದೆ. ಅವನು ನಗಲಿಲ್ಲ ಕಣೋ... ಸುಮ್ಮನೆ ಡಾಕ್ಟರಮ್ಮನ ಕೋಣೆಗೆ ಹೋದ.

ನೀನೂ ನಗ್ತಿಲ್ಲ.

ಕೈ ಜಾರಿತು ಅಂದೆನಲ್ಲ!

ಏನು ಹೇಳ್ತಿದ್ದಳಾ? ಆ ಹೆಂಗಸಾ? ಏನೋ ಹಾಳುಮೂಳು. ಹೊಲಿಗೆ ಸೊಟ್ಟಗಿದೆ, ಬಿಚ್ಚು... ಎಲ್ಲರೂ ನಿನ್ನ ಬೆನ್ನ ಹಿಂದೆ ನಗ್ತಿದಾರೆ, ಬಿಚ್ಚು, ಬಿಚ್ಚು ಅಂತ. ಇವರಿಗೆ ಬೇರೆ ಮಾತೇ ಸಿಗಲಿಲ್ವೇನೋ.

ಹಾಂ? ನಾನು ಹೊಲಿಗೆಯವಳು ಅಂತ ಅವರಿಗೆ ಹೇಗೆ... ಅದು... ನಾನೇ ಹೇಳಿರಬೇಕು ಬಿಡು. ಮಾತಿನ ಮಲ್ಲಿ ನಾನು, ಯಾರಿಗೆ ಏನು ಹೇಳಿದೀನೋ...

ಇರೇ, ಮಾತಾಡ್ತಿದೀನಿ!

...ನಿನಗಲ್ಲಪ್ಪ. ನಿನಗೆ "ಇರೇ" ಅಂತೀನಾ? ಅಲ್ಲಿ... ಆ ಕುಡಿಯೋ ನೀರಿನ ಹತ್ತಿರ... ಈಗ ತಾನೇ ಕರೆದಳಲ್ಲ, ನನ್ನ ಹೆಸರು ಹಿಡಿದು? ಕೇಳಿಸ್ತು ತಾನೇ? ನಿನ್ನ ಕಿವಿ ಬಲು ಚುರುಕು. ಹೌದು ಅನ್ನೋ. ಒಂದು ಸಲ. ಸುಳ್ಳೇ ಆಗ್ಲಿ, ಹೌದು ಅಕ್ಕ ಅನ್ನು...

ಇಲ್ಲ ಅಂತ ಯಾಕೆ ತಲೆ ಅಲ್ಲಾಡಿಸ್ತೀಯ?

ಹಾಗೆ ನೋಡಬೇಡ. ಆ ನೋಟ ನನಗೆ ಗೊತ್ತು. ಇಷ್ಟು ವರ್ಷ ನಿನ್ನ ಎದುರಿಗೆ ಕೂತು ನಾನು ಹೀಗೇ ನೋಡ್ತಿದ್ದೆ...

ಅಮ್ಮ ಹೋದಾಗಿನಿಂದ ಕಣೋ. ಮೊದಮೊದಲು ಈ ಹೆಂಗಸು ಮಷೀನಿನ ಸದ್ದಿನಲ್ಲಿ ಮಾತ್ರ ಬರ್ತಿದ್ದಳು. ಆಮೇಲೆ ಬಸ್ಸಿನಲ್ಲಿ. ಈಗ ಊಟಕ್ಕೆ ಕೂತ್ರೂ ಬಿಡಲ್ಲ. ಯಾರ ಹತ್ತಿರ ಹೇಳ್ಕೊಳ್ಳಲಿ? ನಾನೇ ಹೀಗಾದ್ರೆ ನಿನ್ನ ಗತಿ ಏನು? ಅದಕ್ಕೇ... ಗಟ್ಟಿ ತಲೆ, ಗಟ್ಟಿ ತಲೆ ಅಂತ ಹೇಳ್ಕೊಂಡು ತಿರುಗಿದೆ.

ಯಾಕೆ ಎದ್ದೆ? ಎಲ್ಲಿಗೆ? ಬೇಡ, ಡಾಕ್ಟರಮ್ಮ ಇನ್ನೂ ಕರೆದಿಲ್ಲ... ಕೈ ಬಿಡು. ಬಿಡೋ ಅಂದ್ರೆ!

...ಅಯ್ಯೋ, ಬಿಡಬೇಡ. ಬಿಗಿಯಾಗಿ ಹಿಡ್ಕೋ. ಹಿಂದೆ ಅವಳ ಚಪ್ಪಲಿ ಸದ್ದು ಬರ್ತಿದೆ.