ಟಕ್ ಎನ್ನದ ಬ್ಲೇಡು

ಕ್ಷೌರದ ಅಂಗಡಿಯಲ್ಲಿ ಎರಡನೇ ಕುರ್ಚಿಯ ಕೆಲಸಗಾರ, ವಯಸ್ಸು ನಲವತ್ತಾರು, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಂಗಡಿಯ ಮೇಲಿನ ಮಹಡಿಯಲ್ಲೇ ವಾಸ, ಓಣಿಯವರ ಬಾಯಲ್ಲಿ ‘ಅನುಮಾನದಣ್ಣ’ ಆಗಿರುವ ನಾನು, ಯಾರೂ ಹೇಳಿಕೊಡದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಅಂಗಡಿ ನನ್ನ ಹೆಂಡತಿಯ ತಮ್ಮನದು. ಮೊದಲ ಕುರ್ಚಿ ಅವನದು, ಎರಡನೆಯದು ನನ್ನದು. ಮೂರನೆಯದರಲ್ಲಿ ಕೆಲಸ ಮಾಡುವವನು ಬಾಯಿ ಮುಚ್ಚುವುದೇ ಇಲ್ಲವಾದ್ದರಿಂದ ಅವನನ್ನು ರೇಡಿಯೊ ಎನ್ನುತ್ತೇವೆ. ಹೋದ ತಿಂಗಳು ಆರೋಗ್ಯ ಇಲಾಖೆಯವರು ಕ್ಷೌರದ ಕೆಲಸಗಾರರಿಗೆ ಅರ್ಧ ದಿನದ ತರಬೇತಿ ಇಟ್ಟಿದ್ದರು. ರಕ್ತದಿಂದ ಹರಡುವ ಕಾಯಿಲೆಗಳ ಬಗ್ಗೆ ಒಬ್ಬ ನರ್ಸಮ್ಮ ಹೇಳಿಕೊಟ್ಟರು. ಒಬ್ಬರಿಗೆ ಬಳಸಿದ ಬ್ಲೇಡನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದು, ಹೊಸದನ್ನು ಗಿರಾಕಿಯ ಕಣ್ಣೆದುರೇ ತೆಗೆಯಬೇಕು, ಹಳೆಯದನ್ನು ಗಟ್ಟಿ ಡಬ್ಬಿಗೆ ಹಾಕಬೇಕು ಎಂದರು. ಒಬ್ಬರ ರಕ್ತ ಇನ್ನೊಬ್ಬರ ಗಾಯಕ್ಕೆ ತಗುಲಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಮೂರು ದಿನ ಕಳೆದರೆ ಔಷಧಿ ಕೊಟ್ಟೂ ಪ್ರಯೋಜನವಿಲ್ಲ ಎಂದು ಒತ್ತಿ ಹೇಳಿದರು. ನನ್ನ ಭಾವಮೈದ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ. ಡಬ್ಬಿ ಹಂಚುವಾಗ ಮಾತ್ರ ಎಲ್ಲರಿಗಿಂತ ಮುಂದೆ ಓಡಿದ.

ಡಬ್ಬಿಯನ್ನು ನನ್ನ ಕನ್ನಡಿಯ ಕೆಳಗೆ ಇಟ್ಟೆವು. ಮೂವರೂ ದಿನವಿಡೀ ಬ್ಲೇಡು ಹಾಕಿದರೂ ಅದು ತುಂಬಲೇ ಇಲ್ಲ. ನನಗೆ ಅನುಮಾನ ಬಂದದ್ದು ರೇಡಿಯೊ ಮೇಲೆ. ಎಲ್ಲಿಗೋ ಸಾಗಿಸುತ್ತಿದ್ದಾನೆ ಎಂದುಕೊಂಡು ಅವನ ಊಟದ ಚೀಲವನ್ನೂ ತಡಕಿದೆ. ಸಿಕ್ಕಿಬಿದ್ದಾಗ ಅವನು, ಕನ್ನಡಿಯಲ್ಲಿ ತನ್ನ ಮುಖ ಕಂಡರೂ ಯಾರವನು ಎಂದು ಕೇಳುವ ಆಸಾಮಿ ಇವನು ಎಂದು ಗಿರಾಕಿಗಳೆದುರು ಆಡಿಕೊಂಡ. ಮನೆಯವನೇ ಆದ ಭಾವಮೈದನ ಮೇಲೆ ನನಗೆ ಅನುಮಾನ ಬರಲಿಲ್ಲ.

ಮೊನ್ನೆ ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಸುಮಾರು ಐವತ್ತು ವಯಸ್ಸಿನ, ತೆಳ್ಳಗಿನ, ಎಡಗಿವಿಯ ಹಾಲೆ ಸೀಳಿದ ಒಬ್ಬರು ಬಂದು ನನ್ನ ಕುರ್ಚಿಯಲ್ಲಿ ಕುಳಿತರು. ಕೈಯಲ್ಲಿ ಹೊಸ ಬಕೆಟ್ಟು, ಅದರೊಳಗೆ ಮಗ್ಗು, ಬೀಗ. ಮಗಳನ್ನು ಹಾಸ್ಟೆಲಿಗೆ ಸೇರಿಸಲು ಬಂದಿರುವುದಾಗಿಯೂ, ಗಡ್ಡ ಬಿಟ್ಟುಕೊಂಡು ಹೋದರೆ ಗೆಳತಿಯರ ಮುಂದೆ ಅವಳಿಗೆ ನಾಚಿಕೆಯಾಗುವುದೆಂದೂ ಹೇಳಿ ಅವಸರ ಮಾಡಿದರು. ನಾನು ಪೊಟ್ಟಣದಿಂದ ಕಾಗದ ಸುತ್ತಿದ ಬ್ಲೇಡು ತೆಗೆದು, ಹೊಚ್ಚ ಹೊಸದು ನೋಡಿ ಎಂದು ತೋರಿಸಿದೆ. ನಾವು ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಬಗ್ಗಿಸಿ ಎರಡು ಮಾಡುತ್ತೇವೆ. ಅರ್ಧ ಒಬ್ಬರಿಗೆ, ಉಳಿದರ್ಧ ಮುಂದಿನವರಿಗೆ. ಮುರಿಯುವಾಗ ಟಕ್ ಎನ್ನಬೇಕು. ಅಂದು ಎನ್ನಲಿಲ್ಲ. ಕೈಗೆ ಗೊತ್ತಾಯಿತು. ಆದರೂ ರೇಡಿಯೊ ಗಲಾಟೆಯಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಕತ್ತಿಗೆ ಸಿಕ್ಕಿಸಿದೆ. ಗದ್ದದ ಕೆಳಗೆ ಗೀರಿ ರಕ್ತ ಬಂತು. ಪಟಿಕ ಒತ್ತಿದೆ. ಪರವಾಗಿಲ್ಲ ಎಂದು ನಕ್ಕು, ಬಕೆಟ್ಟು ಹಿಡಿದು ಹೋದರು.

ಮುಂದಿನ ಗಿರಾಕಿಗೆಂದು ಉಳಿದರ್ಧ ತೆಗೆದರೆ ಅದರ ಅಂಚಿನಲ್ಲಿ ಒಣಗಿದ ಸೋಪು, ಬಿಳಿ ಕೂದಲಿನ ಚೂರು, ಕಂದು ಕಲೆ. ಬೀದಿಗೆ ಓಡಿದೆ. ಅವರಿರಲಿಲ್ಲ.

ಭಾವಮೈದನನ್ನು ಹಿಂದಿನ ಕೋಣೆಗೆ ಕರೆದು ಕೇಳಿದೆ. ಮೊದಲು ಕಂಪನಿಯವರ ತಪ್ಪು ಎಂದ, ಆಮೇಲೆ ರೇಡಿಯೊ ಹೆಸರು ಹೇಳಿದ. ನಾನು ಸಿಂಕಿನ ಕೆಳಗಿನ ಬಾಗಿಲು ತೆಗೆದೆ. ನಾವು ಬಳಸಿ ಡಬ್ಬಿಗೆ ಹಾಕಿದ್ದ ಅರ್ಧ ಬ್ಲೇಡುಗಳು ಜೋಡಿ ಜೋಡಿಯಾಗಿ ಹಳೆಯ ಕಾಗದದಲ್ಲಿ ಮಡಿಸಿಕೊಂಡು ಕುಳಿತಿದ್ದವು. ಅವನ್ನೇ ಹೊಸ ಪೊಟ್ಟಣಕ್ಕೆ ತುರುಕುತ್ತಿದ್ದ. ಆಗ ಅವನು ದನಿ ತಗ್ಗಿಸಿ ಹೇಳಿದ್ದು ಇಷ್ಟು: “ಬಿಸಿನೀರಲ್ಲಿ ಅದ್ದಿದೀನಿ ಭಾವ, ಏನೂ ಆಗಲ್ಲ. ನೀವು ಸುಮ್ನಿದ್ರೆ ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ.”

ಅಂದೇ ಹೆಣ್ಣುಮಕ್ಕಳ ಮೂರು ಹಾಸ್ಟೆಲುಗಳಿಗೆ ಹೋದೆ. ಹೆಸರು ಗೊತ್ತಿಲ್ಲ, ಮುಖ ನೋಡಿಲ್ಲ, ಹೊಸದಾಗಿ ಸೇರಿದ ಹುಡುಗಿ ಬೇಕು ಎನ್ನುವ ಗಂಡಸನ್ನು ಯಾರು ಒಳಗೆ ಬಿಡುತ್ತಾರೆ? ಎರಡು ಕಡೆ ಬೈದು ಕಳಿಸಿದರು. ಮೂರನೆಯ ಕಡೆ ಕಾವಲಿನವನು ಕುತ್ತಿಗೆಪಟ್ಟಿ ಹಿಡಿದ. ನಾನು ಊರವರನ್ನೆಲ್ಲ ಹೇಗೆ ನೋಡುತ್ತೇನೋ ಅವನು ನನ್ನನ್ನು ಹಾಗೇ ನೋಡಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ನಿನ್ನೆ ಇಡೀ ದಿನ ಬಸ್ ನಿಲ್ದಾಣದಲ್ಲಿ ನಿಂತು ಬಂದವರ, ಹೋದವರ ಕಿವಿ ನೋಡಿದೆ. ಅಂಗಡಿ ಮುಚ್ಚಿದೆ. ಓಣಿಯ ಖಾಯಂ ಗಿರಾಕಿಗಳಿಗೆ ರೇಡಿಯೊ ಮನೆಮನೆಗೆ ಹೋಗಿ ಹೇಳಿ ಆಸ್ಪತ್ರೆಗೆ ಕಳಿಸುತ್ತಿದ್ದಾನೆ. ಅವನ ಬಾಯಿ ಉಪಯೋಗಕ್ಕೆ ಬಂತು. ಇವತ್ತು ನಾನು ಇಲ್ಲಿಗೆ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, ತಮ್ಮನ ಕೈಗೆ ಕೋಳ ತೊಡಿಸಿದರೆ ಮತ್ತೆ ಈ ಹೊಸಿಲು ತುಳಿಯಬೇಡಿ ಎಂದಳು. ಅವಳ ಪಕ್ಕದಿಂದ ದಾಟಿಕೊಂಡು ಬಂದೆ.

ಇಲ್ಲಿಯ ಹೆಡ್ ಕಾನ್‌ಸ್ಟೇಬಲ್ ಅವರು, ಆ ಬ್ಲೇಡಿನಲ್ಲಿ ಕಾಯಿಲೆ ಇತ್ತೆಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಸಾಕ್ಷಿ ಇಲ್ಲ. ಇರಲಿಲ್ಲ ಎಂಬುದಕ್ಕೂ ಇಲ್ಲ. ಬ್ಲೇಡನ್ನು ಕಾಗದದ ಸಮೇತ ಒಪ್ಪಿಸಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಮೂರು ದಿನ ಮುಗಿಯುತ್ತದೆ.

ಹಾಸ್ಟೆಲುಗಳಲ್ಲಿ ತಾವು ಕೇಳಿದರೆ ಬಾಗಿಲು ತೆಗೆಯುತ್ತಾರೆ. ಆ ಹುಡುಗಿಯಿಂದ ತಂದೆಯ ಫೋನ್ ನಂಬರ್ ಪಡೆಯಬೇಕು, ಕಾರಣ ಹೇಳಬಾರದು. ಹೊಸ ಜಾಗ, ಹೆದರುತ್ತಾಳೆ. ಫೋನನ್ನು ನನ್ನ ಕೈಗೇ ಕೊಡಬೇಕು. ಅವರಿಗೆ ನಾನೇ ಹೇಳುತ್ತೇನೆ, ಆಸ್ಪತ್ರೆಗೂ ಜೊತೆಗೆ ಹೋಗುತ್ತೇನೆ. ಅಲ್ಲಿ ಅವರು ನನ್ನ ಕೆನ್ನೆಗೆ ಹೊಡೆದರೆ ಅದರ ಬಗ್ಗೆ ನನ್ನ ದೂರೇನೂ ಇರುವುದಿಲ್ಲ ಎಂಬುದನ್ನೂ ಈಗಲೇ ಬರೆದುಕೊಳ್ಳಬೇಕು.

ಬರೆದುಕೊಂಡದ್ದನ್ನು ಓದಿ ಹೇಳಿದ್ದಾರೆ. ನಾನು ನುಡಿದಂತೆಯೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನ: ಶುಕ್ರವಾರ, ಬೆಳಿಗ್ಗೆ ೧೧.೪೦
ಹೇಳಿಕೆ ಕೊಟ್ಟವರ ಸಹಿ