ಕಮಲಕ್ಕನ ಫೋನಿನ ಕರೀ ವಯರು

…ಅಲ್ಲ ಕಮಲಕ್ಕ, ಯಾಕೆ ನಗ್ತೀರಿ? ಈ ಕುಮಾರ ಹತ್ತನೇ ಕ್ಲಾಸಲ್ಲಿ ವಿಜ್ಞಾನಕ್ಕೆ ಹನ್ನೊಂದು ಮಾರ್ಕ್ ತಗೊಂಡವನೇ ಇರಬಹುದು. ಫೋನಿನ ಹೊಟ್ಟೆ ಬಿಚ್ಚೋದ್ರಲ್ಲಿ ಆ ಮೇಷ್ಟ್ರೇ ಬಂದು ನನ್ನ ಪಕ್ಕ ಕೂತು ಕಲೀಬೇಕು. ಕೂತ್ಕೊಳ್ಳಿ. ಮಧ್ಯಾಹ್ನದ ಕೆಲಸಕ್ಕೆ ಎಸ್ಟೇಟಿನ ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ.

ಇಲ್ನೋಡಿ. ಮೊದ್ಲು ಟಿವಿಗೆ ಹೆಂಚಿನ ಮೇಲೆ ಆಂಟೆನಾ ನಿಲ್ಲಿಸ್ತಿದ್ರಲ್ಲ, ಮೀನಿನ ಮುಳ್ಳಿನ ಹಾಗೆ? ಫೋನಲ್ಲಿ ಮುಳ್ಳಿಲ್ಲ. ಕೆಳಗಿನ ಅಂಚಲ್ಲಿ ಚಿನ್ನದ ಬಣ್ಣದ ಗೆರೆ ಕಾಣುತ್ತಲ್ಲ, ಅದೇ ಆಂಟೆನಾ. ಮೇಲಿರೋ ಬೋರ್ಡು ಮಿದುಳು. ಎರಡರ ಮಧ್ಯೆ ನನ್ನ ಕೈಲಿರೋ ಈ ಕರೀ ವಯರು ಇರ್ಬೇಕು, ನೂಲಿನಷ್ಟು ಸಣ್ಣ. ಎರಡು ತುದಿಗೂ ಟಿಚ್ ಬಟನ್, ಮಗುವಿನ ಅಂಗಿಗೆ ಇರುತ್ತಲ್ಲ, ಹಾಗೆ. ವಯರು ಇಲ್ಲ ಅಂದ್ರೆ ಟವರು ಹೊರಗೆ ನಿಂತು ಎಷ್ಟು ಕೂಗಿದ್ರೂ ಮಿದುಳಿಗೆ ಕೇಳಲ್ಲ.

ಏನು? ನಿಮ್ಮದರ ವಯರು ಎಲ್ಲಿ ಹೋಯ್ತು ಅಂತಾನಾ? ಅದು… ಚಗಳಿ ಇರುವೆ ಕಡಿದಿರುತ್ತೆ. ನಮ್ಮ ತೋಟದ ಚಗಳಿ ಏನನ್ನ ಬಿಟ್ಟಿದೆ ಹೇಳಿ.

ನಮ್ಮ ಬಸರೀಕಟ್ಟೆ ಜನಾನೂ ಸಮ ಇದ್ದಾರೆ. ರೇಂಜ್ ಇಲ್ಲ ಅಂದ್ರೆ ಟವರಿಗೆ ಬೈತಾರೆ, ಫೋನಿನ ಮೇಲೆ ಯಾರೂ ಅನುಮಾನ ಪಡಲ್ಲ. ನೀವೂ ಅಷ್ಟೆ. ಎಂಟು ದಿನವೂ, ಕೆಲಸ ಬಿಟ್ಟ ಕೂಡ್ಲೆ ನೀರಿನ ಟ್ಯಾಂಕ್ ಹತ್ತಿ, ಫೋನನ್ನ ಆಕಾಶಕ್ಕೆ ಹಿಡಿದು ನಿಂತ್ರಿ. ಕೆಳಗಿನಿಂದ ನೋಡಿದ್ರೆ ಸೂರ್ಯಂಗೆ ಮಂಗಳಾರತಿ ಎತ್ತಿದ ಹಾಗಿತ್ತು ಮಾರಾಯ್ರೆ. ನಾನು ನಕ್ಕಿದ್ದೂ ಹೌದು.

ಗೊತ್ತು ಗೊತ್ತು. ಸಿಂಚನಕ್ಕನ ಫೋನಿಗೆ ಕಾಯ್ತಿದ್ರಿ. ಮಗಳು ಹೇಳ್ದೆ ಕೇಳ್ದೆ ರಾಕೇಶಣ್ಣನ್ನ ಮದುವೆ ಆದ್ಲು ಅಂತ ಆರು ತಿಂಗಳು ಮಾತು ಬಿಟ್ರಿ. ಕೊನೆಗೆ ನೀವೇ ಸೋತು, ಒಂದು ಸಲ ಫೋನ್ ಮಾಡು ಅಂತ ಜೀಪಿನ ಸಂದೇಶಣ್ಣನ ಹತ್ರ ಶೃಂಗೇರಿಗೆ ಹೇಳಿ ಕಳಿಸಿದ್ರಿ. ನಾನಾಗಿ ಮಾಡಲ್ಲ ಅನ್ನೋ ಹಠ ಬೇರೆ. ನಮ್ಮ ಎಸ್ಟೇಟ್ ಲೈನಿನ ಹತ್ತು ಮನೆಗೂ ಗೊತ್ತಿರೋ ವಿಷಯ ಅದು.

ಟಿಕ್. ಕೇಳಿಸ್ತಾ? ಈ ತುದಿನೂ ಟಿಕ್. ಹೊಸಾ ವಯರು, ಕೊಪ್ಪದಿಂದ ತಂದದ್ದು. ಮುಚ್ಚಳ ಹಾಕಿದ್ದಾಯ್ತು, ಆನ್ ಮಾಡಿದ್ದಾಯ್ತು… ನೋಡಿ ನೋಡಿ, ಕೂತಲ್ಲೇ ಎರಡು ಕಡ್ಡಿ!

ನನ್ನ ಫೋನಿಂದ ಮಿಸ್ ಕಾಲ್ ಕೊಡೋದಾ? ಯಾಕೆ ಸುಮ್ನೆ… ನನ್ನದರಲ್ಲಿ ಕರೆನ್ಸಿ ಇಲ್ಲ. ಅಲ್ಲ, ಚಾರ್ಜಿಲ್ಲ. ಅದು ಜೇಬಲ್ಲೇ ಇರ್ಲಿ ಬಿಡಿ.

ಓ, ನಿಮಗೆ ಮೆಸೇಜ್ ಬಂತು. ಕೊಡಿ, ಓದ್ತೀನಿ. ಮಂಗಳವಾರ ಸಿಂಚನಕ್ಕನ ನಂಬರಿಂದ ಮೂರು ಸಲ ಕಾಲ್ ಬಂದಿತ್ತು. ಬುಧವಾರ ನಾಲ್ಕು. ಗುರುವಾರ… ಇದು ಅವಳೇ ಬರೆದಿದ್ದು. ಅಮ್ಮ, ಸ್ವಿಚ್ಚಾಫ್ ಮಾಡಿಟ್ಟಿದೀಯ ಅಂತ ಅರ್ಥ ಆಯ್ತು. ಇನ್ನು ನಾನು…

ಮುಂದಿನ ಅಕ್ಷರ ಸರಿಯಾಗಿ ಕಾಣ್ತಿಲ್ಲ ಅಕ್ಕ. ಬಿಸಿಲು.

ಅಲ್ಲ, ಬಿಸಿಲಲ್ಲ. ಇನ್ನು ನಾನು ಫೋನ್ ಮಾಡಲ್ಲ ಅಂತ ಇದೆ.

ಕಮಲಕ್ಕ? ಟವರಿಗಾದ್ರೂ ಬೈಯಿರಿ. ಯಾಕೆ ನನ್ನ ಜೇಬನ್ನೇ ನೋಡ್ತೀರಿ? ಆಯ್ತು, ತಗೊಳ್ಳಿ, ನೀವೇ ನೋಡಿ. ಚಾರ್ಜ್ ತುಂಬಾ ಇದೆ. ಕಡ್ಡಿ ಒಂದೂ ಇಲ್ಲ.

ಹೋದ ವಾರ ಚಾರ್ಜಿಂಗ್ ಪಿನ್ ಕ್ಲೀನ್ ಮಾಡೋಕೆ ಕೊಟ್ಟಿದ್ರಲ್ಲ… ನಂದೂ ನಿಮ್ಮದೂ ಒಂದೇ ಮಾಡೆಲ್. ನಂದನ್ನ ಬಿಚ್ಚಿ ನೋಡೋವಾಗ ವಯರು ತುಂಡಾಗಿತ್ತು. ಇಲ್ಲಿ ರೇಂಜ್ ಹೇಗೂ ಬಂದು ಹೋಗೋದು ತಾನೆ, ಯಾರಿಗೆ ಗೊತ್ತಾಗುತ್ತೆ ಅಂತ ನಿಮ್ಮದನ್ನ ತೆಗೆದು ನಂದಕ್ಕೆ ಹಾಕ್ಕೊಂಡೆ… ಎರಡೇ ದಿನ ಅಂದ್ಕೊಂಡಿದ್ದೆ. ಕೊಪ್ಪಕ್ಕೆ ನಾನು ಹೋಗ್ಲೇ ಇಲ್ಲ. ಈಗ ಹಾಕಿದ್ದೂ ನಿಮ್ಮದೇ ಹಳೇ ವಯರು.

ನಿಮ್ಮ ಫೋನನ್ನ ಯಾಕೆ ನನ್ನ ಕಡೆ ತಳ್ತೀರಿ ಅಕ್ಕ?

ಸರಿ. ಕೊಡಿ ಇಲ್ಲಿ, ನಾನೇ ಮಾಡ್ತೀನಿ. ರಿಂಗ್ ಆಗ್ತಿದೆ… ಹಲೋ, ಸಿಂಚನಕ್ಕ? ಇಡ್ಬೇಡ, ಇಡ್ಬೇಡ. ನಾನು ಲೈನಿನ ಕುಮಾರ. ನಿಮ್ಮಮ್ಮ ಇಲ್ಲೇ ಪಕ್ಕದಲ್ಲಿ ಇದ್ದಾರೆ. ಅವರು ಸ್ವಿಚ್ಚಾಫ್ ಮಾಡಿರ್ಲಿಲ್ಲ ಅಕ್ಕ. ಫೋನ್ ಹಿಡ್ಕೊಂಡು ಟ್ಯಾಂಕಿನ ಮೇಲೇ ಇದ್ರು. ವಯರು ಕದ್ದವನು ನಾನು.