ಬೊಂಬು, ಹಗ್ಗ, ಹೊಸ ಮಷಿನ್

ಇನ್ವರ್ಟರ್ ವೆಲ್ಡಿಂಗ್ ಮಷಿನ್ನುಗಳು ಆಗತಾನೇ ಬರತೊಡಗಿದ್ದ ಕಾಲ. ಕಾರ್ಖಾನೆಗಳ ಊರಾದ ಭೋಸರಿಯ ಬಸ್ ಸ್ಟಾಪಿನಲ್ಲಿ ಅಣ್ಣತಮ್ಮಂದಿರಿಬ್ಬರು ನನ್ನ ಪಕ್ಕ ನಿಂತಿದ್ದರು. ಅಣ್ಣನ ಕೈಯಲ್ಲಿ ದಪ್ಪ ಬೊಂಬು, ಹಗ್ಗ. ಕಾಲ ಬಳಿ ಅಂಥದೊಂದು ಹೊಸ ಮಷಿನ್, ಹಾರ್ಮೋನಿಯಂ ಪೆಟ್ಟಿಗೆಗಿಂತ ಸಣ್ಣದು.

"ಜೈಭೀಮ, ಇದರಾಗ ತಾಮ್ರದ ಸುರುಳಿ ಎಲ್ಲಿ ತುರುಕ್ಯಾರೋ?" ಅಣ್ಣ ತಮ್ಮನನ್ನು ಕೇಳಿದ.

"ದೊಡ್ಡ ಸುರುಳಿ ಇಲ್ಲಣ್ಣಾ. ರೇಡಿಯೋದಾಗಿನಂಥ ಪ್ಲೇಟ್ ಅದಾವಂತ."

"ರೇಡಿಯೋ ಕಬ್ಬಿಣ ಕರಗಸ್ತದೇನು?"

"ದುಕಾನದಾಗ ನೀನ ಹಚ್ಚಿ ನೋಡಿದಿಯಲ್ಲ."

"ನೋಡ್ದೆ. ರಾಡ್ ಕಬ್ಬಿಣಕ್ಕ ಒಮ್ಮಿನೂ ಅಂಟಿ ಸಿಕ್ಕೊಳ್ಳಲಿಲ್ಲೋ. ಬೆಂಕಿ ಎಣ್ಣಿ ಹರಿದಂಗ ಹರೀತು."

"ಮತ್ತ ನೀ ಹೊರಾಕ ಬೊಂಬು ತಂದಿ!"

"ಹಳೇ ಮಷಿನ್ ಬೊಂಬಿಗೆ ಕಟ್ಟಿ ನಾಕ್ ಮಂದಿ ಹೊರ್ತಿದ್ವಿ. ನನ್ನ ಸೊಂಟ ಹೋದದ್ದು ಅದರ ಸಲುವಾಗೇ. ಆವಾಗಿಂದ ಮ್ಯಾಲಿನ ಮಜಲಿನ ಕೆಲಸಾನೇ ಬಿಟ್ಟೆ."

"ಇನ್ನ ಮ್ಯಾಲ ಹತ್ತಬಹುದಲ್ಲಣ್ಣಾ."

ಅಣ್ಣ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಬಸ್ಸು ಬಂತು. ತಮ್ಮ ಮಷಿನ್ ಎತ್ತಲು ಬಗ್ಗಿದ.

"ಬಿಡು, ನಾ ಹೊರ್ತೀನಿ."

"ಸೊಂಟ?"

"ಬಿಡಂದ್ರ!"

ಅಣ್ಣ ಅದರ ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ. ಬೊಂಬನ್ನು ಒಳಗೆ ತೂರಿಸಲು ತಮ್ಮ ಹೆಣಗುತ್ತಿದ್ದ.

"ಅದನ್ನ ಅಲ್ಲೇ ಇಡೋ," ಅಣ್ಣ ಬಾಗಿಲಿನಿಂದ ಕೂಗಿದ. "ಹಳೇ ಮಷಿನ್ ಹೊರೋರು ಯಾರರೆ ಬರ್ತಾರ."